ಸೇತುವೆಯ ಮೇಲೆ ಒಂದು ಒಡಪು

ಸಿಂಗಪುರದ ದೀಪದ ಕಂಬಗಳು ಪ್ರವಾಸಿಗರನ್ನು ಮರೆಯುವುದಿಲ್ಲ. ಹಿಂದೊಮ್ಮೆ ಜೊತೆಗೆ ಬಂದಿದ್ದವರು ಹೆಸರು ಹಿಡಿದು ಕರೆದರೆ ಸಾಕು, ತೀರಿಕೊಂಡವರೂ ಅಂದು ನಿಂತಿದ್ದ ಜಾಗದಲ್ಲೇ ಮತ್ತೆ ಕಾಣಿಸುತ್ತಾರೆ. ಸೇತುವೆಯ ತುಂಬ ಜನ ಐಸ್‌ಕ್ರೀಮ್ ತಿನ್ನುತ್ತಲೇ ತಮ್ಮವರನ್ನು ಕರೆಯುತ್ತಿದ್ದರು.

ಹುಬ್ಬಳ್ಳಿಯ ಪಾರವ್ವ ಮಾತ್ರ ಬಂದಾಗಿನಿಂದ ಪ್ರತಿ ಕಂಬದ ಮುಂದೆ ಸುಮ್ಮನೆ ನಿಂತು ಬರುತ್ತಿದ್ದರು. ಮದುವೆಯಾದ ಹೊಸದರಲ್ಲಿ ಗಂಡನ ಜೊತೆ ಸುತ್ತಿದ್ದ ಊರಿದು.

“ಅತ್ತಿ, ನಾಳೆ ಹೊರಡೂದೈತಿ. ಮಾವನವರ ಹೆಸರು ಹೇಳಿಬಿಡ್ರಿ,” ಎಂದಳು ಸೊಸೆ ವಿನುತಾ.

“ಗಂಡನ ಹೆಸರು ಹ್ಯಾಂಗ ಹೇಳಲಿ ಯವ್ವಾ? ಮದುವ್ಯಾಗ ಒಡಪಿನ್ಯಾಗ ಸೇರಿಸಿ ಹೇಳಿದ್ದಷ್ಟ.”

“ಇಲ್ಲೂ ಹಂಗ ಹೇಳ್ರಿ.”

ಪಾರವ್ವ ಬಾಯಿಗೆ ಸೆರಗು ಅಡ್ಡ ಹಿಡಿದು, ಕಂಬದ ಕಡೆ ನೋಡದೆ ರಾಗವಾಗಿ ಹೇಳಿದರು: “ಹೊಳಿ ಮ್ಯಾಲ ಸೇತುವಿ, ಸೇತುವಿ ಮ್ಯಾಲ ದೀಪದ ಸಾಲು, ನೀಲಕಂಠಪ್ಪನವರ ಹೆಸರು ನನ್ನ ಬಾಯಾಗ ಸಕ್ರಿ ಹಾಲು.”

ಎದುರಿಗೆ ತರುಣ ನೀಲಕಂಠಪ್ಪ ಕ್ಯಾಮೆರಾ ಹಿಡಿದು ನಿಂತಿದ್ದ. ಒಂದು ಕಣ್ಣು ಮುಚ್ಚಿ, “ಸ್ವಲ್ಪ ಹಿಂದ ಸರಿ. ಹಾಂ, ಈಗ ನಗು,” ಎಂದ.

ಎಪ್ಪತ್ತು ದಾಟಿದ ಪಾರವ್ವ ಹಿಂದೆ ಸರಿದರು. ಹಲ್ಲಿಲ್ಲದ ಬಾಯಿಗೆ ಅಡ್ಡವಿದ್ದ ಸೆರಗನ್ನು ಮೆಲ್ಲನೆ ಕೆಳಗಿಳಿಸಿದರು.