ಕಿಟಕಿಯೆತ್ತರದ ಜೋಕಾಲಿ

ಪಂಚಮಿ ಹಬ್ಬಕ್ಕೆಂದು ದಾನಮ್ಮ ಚಂದ್ರನ ಆಚೆ ಮಗ್ಗುಲಿನ ಗಂಡನ ಮನೆಯಿಂದ ಈಚೆ ಮಗ್ಗುಲಿನ ತವರಿಗೆ ಬಂದಿದ್ದಳು. ಅವಳ ಅವ್ವ ನೀಲವ್ವ ಹಳೆಯ ಗಗನಯಾತ್ರಿ ಉಡುಪುಗಳ ಪಟ್ಟಿಗಳನ್ನು ಹೆಣೆದು ಹಗ್ಗ ಮಾಡಿ, ಗುಮ್ಮಟದ ತೊಲೆಗೆ ಜೋಕಾಲಿ ಕಟ್ಟಿದ್ದಳು. ಶೇಂಗಾ ಉಂಡಿಯೂ ಆಗಿತ್ತು. ಬೆಲ್ಲ ಬೀಟ್‌ರೂಟಿನದಾದ್ದರಿಂದ ಉಂಡಿಗಳು ಕೆಂಪಗಿದ್ದವು.

ಮಗಳನ್ನು ಜೋಕಾಲಿಯಲ್ಲಿ ಕೂರಿಸಿ ಅವ್ವ ತೂಗಿದಳು. ಮೈ ಹಗುರವಾಗುವ ಆ ಊರಲ್ಲಿ ಜೋಕಾಲಿ ಎತ್ತರದ ಕಿಟಕಿಯವರೆಗೆ ನಿಧಾನವಾಗಿ ಏರಿತು. ಇಳಿಯಲು ಮನಸ್ಸಿಲ್ಲದಂತೆ ಇಳಿಯಿತು.

“ಭೂಮಿ ಕಾಣ್ತೇನವಾ?”

ಗಂಡನ ಮನೆಯ ಕಡೆ ಭೂಮಿ ಎಂದೂ ಕಾಣುವುದಿಲ್ಲ.

“ಇಲ್ಲಬೇ. ಇನ್ನೊಮ್ಮೆ ತೂಗು.”

ಅವ್ವ ಮತ್ತೆ ತೂಗಿದಳು. ಅಷ್ಟರಲ್ಲಿ ಮಗಳನ್ನು ಕರೆದೊಯ್ಯುವ ಬಂಡಿ ಹೊರಗೆ ಬಂದು ನಿಂತು, ದೀಪ ಮಿನುಗಿಸಿ ಕರೆಯಿತು.

“ಈಗರೆ ಕಂಡಿತಿಲ್ಲೋ?”

ದಾನಮ್ಮ ಬಂಡಿಯತ್ತ ನೋಡಲೇ ಇಲ್ಲ. “ಊಹೂಂ. ಮೋಡ ಅಡ್ಡ ಬಂತು.”

ಚಂದ್ರನ ಮೇಲೆ ಮೋಡವಿಲ್ಲ. ಭೂಮಿಯೂ ಆ ಕಿಟಕಿ ಬಿಟ್ಟು ಕದಲಿದ್ದಿಲ್ಲ. ನೀಲವ್ವ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಮಗಳ ಬೆನ್ನಿಗೆ ಅಂಗೈ ಇಟ್ಟಳು.

“ಖರೇನ ಅಂತಿ. ಇವತ್ತ ಭಾಳ ಮೋಡ ಐತಿ. ಗಟ್ಟಿ ಹಿಡಕೋ.”