ದೊಡ್ಡವ್ವನ ಹೆಬ್ಬೆರಳು

ಎರಡನೆಯ ಸಾಲಿಗೇ ಹಾಡು ಹಳಿ ತಪ್ಪಿತು. ಹಸೆಯ ಮೇಲೆ ಕುಳಿತ ಮದುಮಗಳು ಆಶಾಳ ಕೆನ್ನೆಗೆ ಅರಿಶಿನ ಹಚ್ಚಲು ಚಾಚಿದ್ದ ಹಿರಿಯ ಮುತ್ತೈದೆ ಉಚ್ಚಂಗಮ್ಮನ ಕೈ ಅಲ್ಲೇ ನಿಂತಿತು. ಸುತ್ತ ಕುಳಿತ ಹೆಂಗಸರು ಮೊದಲ ಸಾಲನ್ನು ತಿರುಗಿ ಹೇಳಲು ಬಾಯಿ ತೆರೆಯುವಷ್ಟರಲ್ಲಿ, ಸ್ಪೀಕರಿನೊಳಗಿನ ಹೊನ್ನೂರಮ್ಮ ಎರಡನೆಯದನ್ನೂ ಮುಗಿಸಿ ಮೂರನೆಯದಕ್ಕೆ ಹೊರಟಾಗಿತ್ತು. ನಿಜವಾದ ಹೊನ್ನೂರಮ್ಮ ಕೊರಳಿಗೆ ಸೆರಗು ಸುತ್ತಿಕೊಂಡು ಪಕ್ಕದ ಕಂಬಕ್ಕೆ ಒರಗಿ ಕುಳಿತಿದ್ದಳು.

"ಇದೇನೋ ಮಾರುತಿ, ಹಿಂಗೆ ಓಡ್ತೈತೆ? ನಾವು ತಿರುಗಿ ಹೇಳಾಕೆ ಜಾಗಾನೇ ಇಲ್ವಲ್ಲೋ," ಎಂದಳು ಉಚ್ಚಂಗಮ್ಮ.

ಮಾರುತಿ ಐಪಾಡ್ ನಿಲ್ಲಿಸಿದ. ಮುಖ ಸಪ್ಪಗಾಯಿತು. ಆಶಾಳ ಸೋದರಮಾವ ಅವನು. ಅರಿಶಿನದ ಪದ ತನ್ನ ಜವಾಬ್ದಾರಿ ಎಂದು ಎದೆ ತಟ್ಟಿಕೊಂಡು ಹೊನ್ನಾಳಿಯಿಂದ ಸವಳಂಗಕ್ಕೆ ಬಂದವನು. ಗೋವಿನಕೋವಿಯ ದೊಡ್ಡವ್ವ ಹೊನ್ನೂರಮ್ಮ ಸೋಬಾನೆ ಎತ್ತಿಕೊಡದೆ ಅವರ ಮನೆತನದಲ್ಲಿ ಒಂದು ಮದುವೆಯೂ ಆದದ್ದಿಲ್ಲ. ಹೋದ ವರ್ಷ ಗಂಟಲಿನ ಆಪರೇಷನ್ ಅವಳ ದನಿಯನ್ನೇ ತಿಂದುಹಾಕಿತ್ತು. "ನನ್ನ ಪದ ಇಲ್ದೆ ಆಶಾಗೆ ಅರಿಶಿನ ಹಚ್ತಾರೇನೋ" ಎಂದು ಬರೀ ಉಸಿರಿನಲ್ಲಿ ಪಿಸುಗುಟ್ಟಿ ಅತ್ತಿದ್ದಳು. "ನಿನ್ನ ಪದ ನನ್ನತ್ರ ಭದ್ರವಾಗೈತೆ ದೊಡ್ಡವ್ವ" ಎಂದಿದ್ದ ಇವನು.

ಇತ್ತು, ಇರದೆ ಏನು? ಆಶಾಳ ಅವ್ವ, ತನ್ನ ಅಕ್ಕ ವನಜಾಕ್ಷಿಯ ಅರಿಶಿನದ ದಿನ, ರೆಕಾರ್ಡ್ ಮಾಡುವ ಹೊಸ ವಾಕ್‌ಮನ್ ಕೊಂಡ ಉಮೇದಿನಲ್ಲಿ ಕ್ಯಾಸೆಟ್ಟಿಗೆ ತುಂಬಿಸಿಕೊಂಡಿದ್ದ. ಕ್ಯಾಸೆಟ್ ಹೋಗಿ ಸಿಡಿ ಬಂತು. ದೊಡ್ಡವ್ವ ಸಿಡಿಯೊಳಗೆ ಹೋದಳು. ಸಿಡಿ ಹೋಗಿ ಅಂಗೈಯಗಲದ ಐಪಾಡ್ ಬಂತು, ಅದರೊಳಗೂ ಹೋದಳು. ಕಂಪನಿಯವರು ಈಗ ಅದನ್ನು ಮಾಡುವುದನ್ನೇ ಬಿಟ್ಟಿದ್ದಾರೆ, ಲೋಕವೆಲ್ಲ ಫೋನಿನಲ್ಲೇ ಹಾಡು ಕೇಳುತ್ತದೆ. ಇವನು ಮಾತ್ರ ಬ್ಯಾಟರಿ ಬದಲಿಸಿಕೊಂಡು ಅದನ್ನು ಸಾಕುತ್ತಿದ್ದ. ಆದರೆ ಐಪಾಡಿಗೆ ಏರಿಸುವಾಗ ಮಹಾಶಯ ಒಂದು ಜಾಣತನ ಮಾಡಿದ್ದ. ದೊಡ್ಡವ್ವ ಒಂದು ಸಾಲು ಹೇಳುವುದು, ಹೆಂಗಸರೆಲ್ಲ ಸೇರಿ ಅದನ್ನೇ ತಿರುಗಿ ಹೇಳುವುದು. ಒಂದೇ ಸಾಲು ಎರಡೆರಡು ಸಲ ಯಾತಕ್ಕೆ ಎಂದು ಕಂಪ್ಯೂಟರಿನಲ್ಲಿ ಹೆಂಗಸರ ದನಿಯನ್ನೆಲ್ಲ ಕತ್ತರಿಸಿ ಎಸೆದಿದ್ದ. ಕ್ಯಾಸೆಟ್ಟು, ಸಿಡಿ ಎಲ್ಲ ಯಾವತ್ತೋ ಗುಜರಿಗೆ ಹೋಗಿದ್ದವು.

"ಫೋನಾಗೆ ಬ್ಯಾರೆ ಯಾವ್ದಾದ್ರೂ ಹಾಕಿಬಿಡು ಮಾವ," ಎಂದಳು ಆಶಾ. ಹಾಗೆನ್ನುವಾಗ ಅಜ್ಜಿ ಹೊನ್ನೂರಮ್ಮನ ಕಡೆ ನೋಡಲಿಲ್ಲ.

ಮಾರುತಿಗೆ ಅಲ್ಲಿಂದ ಎದ್ದು ಓಡಿಹೋಗೋಣ ಅನಿಸಿತು. ಹೋಗದೆ ಹೊನ್ನೂರಮ್ಮನ ಮುಂದೆ ಕುಕ್ಕರಗಾಲಿನಲ್ಲಿ ಕುಳಿತ. "ತಪ್ಪಾತು ದೊಡ್ಡವ್ವ. ನಿನ್ನ ದನಿ ಒಂದಿದ್ರೆ ಸಾಕು ಅಂತ ಅವರದೆಲ್ಲ ತೆಗೆದುಬಿಟ್ಟೆ."

ಹೊನ್ನೂರಮ್ಮ ಬೈಯಲಿಲ್ಲ. ಅವನ ಕೈಯಿಂದ ಐಪಾಡನ್ನು ವೈರಿನ ಸಮೇತ ಎಳೆದುಕೊಂಡು ಮಡಿಲಲ್ಲಿ ಇಟ್ಟುಕೊಂಡಳು. "ನಿಲ್ಸಾಕೆ ಯಾವ್ದು?" ಎಂದು ಪಿಸುಗುಟ್ಟಿದಳು.

ಅವನು ಬಿಳಿ ಚಕ್ರದ ಕೆಳಗಿನ ಅಂಚು ತೋರಿಸಿದ.

"ಮತ್ತೆ ಹೊರಡ್ಸಾಕೆ?"

"ಅದನ್ನೇ ಒತ್ತು."

ಹಾಡು ಮೊದಲಿನಿಂದ ಶುರುವಾಯಿತು. "ಅಂಗೈಗೆ ಅರಿಶಿನ, ಮುಂಗೈಗೆ ಅರಿಶಿನ..." ಸಾಲು ಮುಗಿದದ್ದೇ ಹೆಬ್ಬೆರಳು ಒತ್ತಿತು, ಹಾಡು ನಿಂತಿತು. ಹೊನ್ನೂರಮ್ಮ ಹೆಂಗಸರ ಕಡೆ ಗದ್ದ ಎತ್ತಿದಳು, ಹಿಂದೆ ಪ್ರತಿ ಮದುವೆಯಲ್ಲೂ ಎತ್ತುತ್ತಿದ್ದ ಹಾಗೆಯೇ. ಒಂದಿಬ್ಬರು ಅನುಮಾನಿಸುತ್ತ ತಿರುಗಿ ಹೇಳಿದರು. ಹೆಬ್ಬೆರಳು ಮತ್ತೆ ಒತ್ತಿತು. ಮುಂದಿನ ಸಾಲು ಬಂತು, ನಿಂತಿತು, ಈ ಸಲ ಎಲ್ಲರೂ ಹೇಳಿದರು. ಉಚ್ಚಂಗಮ್ಮನ ಕೈ ಆಶಾಳ ಕೆನ್ನೆ ಮುಟ್ಟಿತು. ಮಾರುತಿ ಆ ಕಡೆ ತಿರುಗಿ ಕಣ್ಣು ಒರೆಸಿಕೊಂಡ.

ಮದುಮಗಳ ಹೆಸರು ಹೇಳುವ ಕೊನೆಯ ಸಾಲು ಹತ್ತಿರ ಬಂತು. ಅದರಲ್ಲಿರುವುದು ತನ್ನ ಹೆಸರೆಂದು ಆಗ ನೆನಪಾಗಿ, ಮಗಳ ಪಕ್ಕದಲ್ಲಿ ಕುಳಿತಿದ್ದ ವನಜಾಕ್ಷಿ ಗಾಬರಿಯಿಂದ ತಮ್ಮನ ಮುಖ ನೋಡಿದಳು. ಅವನೂ ಮರೆತೇಬಿಟ್ಟಿದ್ದ.

"ನಾಚಿ ಕುಂತಾಳೆ ನಮ್ಮ..." ಎಂದಿತು ಸ್ಪೀಕರು. ಸಾಲಿನ್ನೂ ಮುಗಿದಿರಲಿಲ್ಲ, ಹೆಬ್ಬೆರಳು ಒತ್ತಿಯಾಗಿತ್ತು.

ಹೆಂಗಸರು ಏನು ಹೇಳುವುದೆಂದು ತಿಳಿಯದೆ ಹೊನ್ನೂರಮ್ಮನನ್ನೇ ನೋಡಿದರು. ಅವಳು ಕೊರಳಿನ ಸೆರಗು ಸಡಿಲಿಸಿಕೊಂಡಳು. ಒರಳು ತಿರುವಿದಂಥ, ಯಾವ ರಾಗಕ್ಕೂ ಸೇರದ ಒಂದು ದನಿ ಹೊರಬಿತ್ತು.

"ಆಶಾ."