ನಡುವೆ ತುಂಡಾದ ಗೆರೆ

"ಮತ್ತೆ ಗೆರೆ ತುಂಡಾಗಿದೆ," ಎಂದಳು ಸೂಜಿ. "ಮೂರನೇ ಚಾರ್ಟ್ ಲೈಬ್ರರಿಯೂ ದಂಡ."

ಕೋಣೆಯಲ್ಲಿ ಯಾರೋ ಬೇಸರದಿಂದ ಉಸಿರು ಬಿಟ್ಟರು. ಯಾರೆಂದು ಅವಳು ನೆನಪಿಟ್ಟುಕೊಂಡಳು.

ತಪ್ಪು ಹುಡುಕುವುದೇ ಅವಳ ಕೆಲಸ. ಪ್ರೋಗ್ರಾಮರ್‌ಗಳು ಬರೆದದ್ದನ್ನು ಜನರ ಕೈಗೆ ಹೋಗುವ ಮೊದಲು ಚುಚ್ಚಿ ನೋಡುವವಳು. ಆಫೀಸಿನವರು ಇಟ್ಟ 'ಸೂಜಿ' ಎಂಬ ಅಡ್ಡಹೆಸರು ಅದಕ್ಕೇ ಅಂಟಿಕೊಂಡಿತ್ತು. ಈಗ ಅವಳ ಮುಂದಿದ್ದದ್ದು ರಕ್ತನಿಧಿಗಳ ಫ್ರಿಜ್‌ಗಳನ್ನು ಕಾಯುವ ವೆಬ್ ಪುಟ. ಫ್ರಿಜ್‌ನ ತಾಪಮಾನ ಅದರಲ್ಲಿ ಗೆರೆಯಾಗಿ ಎಡದಿಂದ ಬಲಕ್ಕೆ ಓಡುತ್ತದೆ. ಬಲತುದಿ ಎಂದರೆ ಈ ಕ್ಷಣ. ಅದು ಕಾಣದೆ ಹೋದರೆ ಫ್ರಿಜ್ ಬಿಸಿಯಾದದ್ದು ತಿಳಿಯದೆ ಕೆಟ್ಟ ರಕ್ತ ಯಾರದೋ ಮೈ ಸೇರುತ್ತದೆ. ಆದರೆ ಒಂದೊಂದು ರಕ್ತನಿಧಿಯಲ್ಲಿ ಒಂದೊಂದು ಕಾಲದ ಕಂಪ್ಯೂಟರ್, ಒಂದೊಂದು ಬ್ರೌಸರ್. ಎಲ್ಲದರಲ್ಲೂ ನೆಟ್ಟಗೆ ಗೆರೆ ಎಳೆಯುವ ಸಿದ್ಧ ಕೋಡ್, ಅಂದರೆ ಚಾರ್ಟ್ ಲೈಬ್ರರಿ, ಯಾವುದೆಂದು ಗೊತ್ತುಮಾಡಬೇಕಿತ್ತು, ಅಷ್ಟೆ.

ಮೊದಲನೆಯದು ಹಳೆಯ ಬ್ರೌಸರಿನಲ್ಲಿ ತೆರೆಯಲೇ ಇಲ್ಲ. ಅದನ್ನು ಹಿಡಿದವಳು ಅವಳೇ. ಆಗ ಎಲ್ಲರೂ ಹೊಗಳಿದ್ದರು. ಎರಡನೆಯದರಲ್ಲಿ ಗೆರೆಯ ಬಲಭಾಗ ಆಗಾಗ ಮಾಯವಾಗುತ್ತಿತ್ತು. ಮೂರನೆಯದರಲ್ಲೂ ಅದೇ ಕಥೆ. ಹೊಗಳಿಕೆ ನಿಂತಿತು.

"ನಮಗ್ಯಾರಿಗೂ ಹಾಗೆ ಆಗ್ತಿಲ್ಲ ಮೇಡಂ."

ಅವಳು ಬೆಚ್ಚಿಬಿದ್ದಳು. ಆ ಪುಟ ಬರೆದ ಪ್ರೋಗ್ರಾಮರ್ ಅವಳ ಬಲಪಕ್ಕದಲ್ಲೇ ನಿಂತಿದ್ದ. ಈಚೆಗೆ ಇವನದು ಇದೇ ಚಾಳಿ, ಸದ್ದಿಲ್ಲದೆ ಬಂದು ನಿಲ್ಲುವುದು. ಮನಸ್ಸಿನಲ್ಲೇ ಅವನಿಗೆ ಬೆಕ್ಕು ಎಂದು ಹೆಸರಿಟ್ಟಿದ್ದಳು.

"ನಿಮಗೆ ಹೇಗೆ ಆಗುತ್ತೆ? ನಾನು ತೋರಿಸೋಕೆ ಅಂತ ಕರೆದ ಕೂಡಲೇ ಸರಿಹೋಗಿರುತ್ತೆ. ಎಷ್ಟು ಜಾಣ ತಪ್ಪು ನೋಡಿ!"

"ಅಂದ್ರೆ?"

"ಅಂದ್ರೆ, ಯಾರೋ ನನ್ನ ಕಣ್ಣಿಗೆ ಮಣ್ಣೆರಚ್ತಿದ್ದಾರೆ. ನನ್ನ ಹುಚ್ಚಿ ಅನ್ನಿಸೋಕೆ."

"ನಮಗೆ ಮಾಡೋಕೆ ಬೇರೆ ಕೆಲಸ ಇಲ್ವಾ?"

"ಇದೆಯಲ್ಲ. ನಿನ್ನೆ ಆಫೀಸ್ ಗ್ರೂಪಲ್ಲಿ ಬರೆದಿದ್ರಿ, 'ಇವರು ಹೇಳೋದೆಲ್ಲ ಸುಳ್ಳು' ಅಂತ."

ಬೆಕ್ಕು ಅವಳನ್ನೇ ನೋಡಿದ. "ಆ ಸಾಲು ಪೂರ್ತಿ ಓದಿದ್ರಾ?"

"ಓದಿದಷ್ಟು ಸಾಕಾಯ್ತು."

"'ಇವರು ಹೇಳೋದೆಲ್ಲ ಸುಳ್ಳು ಅನ್ನಬೇಡಿ' ಅಂತ ಬರೆದಿದ್ದೆ ಮೇಡಂ. ನಿಮ್ಮ ಪರವಾಗಿ."

ಅವಳು ನಕ್ಕಳು. "ಆಮೇಲೆ ತಿದ್ದಿರ್ತೀರಿ. ಗೆರೆ ತಿದ್ದೋರಿಗೆ ಸಾಲು ತಿದ್ದೋದು ಕಷ್ಟಾನಾ?"

ಅವನು ಮೂತಿ ಬಿಗಿದುಕೊಂಡು ಹೊರಟುಹೋದ. ಮಧ್ಯಾಹ್ನ ಊಟದ ಮೇಜಿನ ಸುತ್ತ ಕೂತವರು ಅವಳು ಬಂದೊಡನೆ ಮಾತು ನಿಲ್ಲಿಸಿದರು. ಅವಳು ಡಬ್ಬಿ ಎತ್ತಿಕೊಂಡು ತನ್ನ ಜಾಗಕ್ಕೆ ವಾಪಸು ಬಂದಳು.

ಮನೆಯಲ್ಲೂ ನೆಮ್ಮದಿಯಿರಲಿಲ್ಲ. ಅಡುಗೆಮನೆಗೆ ನುಗ್ಗುವಾಗ ಬಾಗಿಲಿನ ಅಂಚು ಮತ್ತೆ ಬಲತೋಳಿಗೆ ಬಡಿಯಿತು. ಹಳೆಯ ಕಪ್ಪು ಕಲೆಯ ಮೇಲೇ.

"ಬಾಗಿಲು ಅರ್ಧಂಬರ್ಧ ತೆಗೆದಿಡಬೇಡ ಅಂತ ಎಷ್ಟು ಸಲ ಬಡ್ಕೊಳ್ಳಿ ನಿಂಗೆ?"

"ಅದು ಯಾವತ್ತೂ ಹಾಗೇ ಇರೋದು ಅಕ್ಕಾ," ಎಂದಳು ತಂಗಿ. "ಆಫೀಸಿನ ಸಿಟ್ಟೆಲ್ಲ ತಂದು ಬಾಗಿಲ ಮೇಲೆ ಹಾಕ್ತೀಯ. ತಲೆನೋವು ಹೇಗಿದೆ?"

"ದಿನಾ ಅಷ್ಟು ಜನ ಸೇರಿ ತಲೆ ತಿಂದ್ರೆ ನೋಯದೆ ಇರುತ್ತಾ?"

ಮರುದಿನ ಅವಳು ಸಾಕ್ಷಿ ಹಿಡಿದೇ ತೀರುವುದೆಂದು ಕೂತಳು. ಹೊಸ ಬ್ರೌಸರ್, ಹಳೆಯದು, ಫೋನಿನದು, ಎಲ್ಲದರಲ್ಲೂ ಪುಟ ತೆರೆದಳು. ಗೆರೆ ತುಂಡಾದ ಕ್ಷಣದಲ್ಲೇ ಪರದೆಯ ಚಿತ್ರ ತೆಗೆದು ನೇರ ಮುಖ್ಯಸ್ಥರಿಗೆ ಕಳಿಸಿದಳು. ಅದರ ಕೆಳಗೆ ಬರೆದಳು: "ಇದಕ್ಕೆ ಏನು ಹೇಳುತ್ತೀರಿ?"

ಉತ್ತರ ಬರಲಿಲ್ಲ. ಕರೆ ಬಂತು.

ಮುಖ್ಯಸ್ಥರ ಕೋಣೆಯಲ್ಲಿ ಬೆಕ್ಕು ಮೊದಲೇ ಕೂತಿದ್ದ. ಮುಖ್ಯಸ್ಥರು ಅವಳನ್ನು ಮುಖ ಕೊಟ್ಟು ನೋಡಲಿಲ್ಲ. ಕೆಲಸ ಹೋಯಿತು ಎಂದುಕೊಂಡಳು. ಹೋಗುವುದಾದರೆ ಇವನ ಬಣ್ಣ ಬಯಲು ಮಾಡಿಯೇ ಹೋಗುತ್ತೇನೆ ಎಂದುಕೊಂಡಳು.

"ನಿಮ್ಮ ಚಿತ್ರ ನೋಡಿದೆ," ಎಂದರು ಮುಖ್ಯಸ್ಥರು. "ಗೆರೆ ಪೂರ್ತಿ ಇದೆಯಲ್ಲಮ್ಮಾ."

"ಓಹೋ, ನೀವೂ ಇವರ ಕಡೆನೇ!"

"ನೀವು ಹೇಳಿದ್ದು ಸುಳ್ಳಲ್ಲ ಅಂತ ಇವನೇ ಒಂದು ವಾರದಿಂದ ನನ್ನ ಹತ್ತಿರ ವಾದ ಮಾಡ್ತಿದ್ದಾನೆ."

"ನಾಟಕ," ಎಂದಳು ಅವಳು.

ಬೆಕ್ಕು ಅವಳ ಮುಂದೆ ಒಂದು ಹಾಳೆ ಇಟ್ಟ. ಅವಳು ಕಳಿಸಿದ ಚಿತ್ರದ್ದೇ ಪ್ರಿಂಟ್.

"ಕಾಗದದಲ್ಲಿ ಬ್ರೌಸರೂ ಇಲ್ಲ, ಲೈಬ್ರರಿಯೂ ಇಲ್ಲ ಮೇಡಂ. ಗೆರೆ ಎಲ್ಲಿ ನಿಲ್ಲುತ್ತೆ, ಮುಟ್ಟಿ ತೋರಿಸಿ."

ಅವಳು ಬೆರಳಿನಿಂದ ಕುಟ್ಟಿದಳು. "ಇಲ್ಲಿ! ಪ್ರಿಂಟಲ್ಲೂ ತುಂಡಾಗಿದೆ. ಈಗಲಾದ್ರೂ ಒಪ್ಕೊಳ್ತೀರಾ ಇಲ್ವಾ?"

ಗೆದ್ದೆನೆಂದು ತಲೆಯೆತ್ತಿದಳು. ಯಾರೂ ಸೋತವರಂತೆ ಕಾಣಲಿಲ್ಲ. ಮುಖ್ಯಸ್ಥರು ಮೆಲ್ಲಗೆ ಫೋನ್ ಎತ್ತಿಕೊಂಡರು.

"ನಿಮ್ಮ ತಂಗಿಯ ನಂಬರ್ ಹೇಳಿ."

"ಮನೆಗೆ ಕಳಿಸ್ತೀರಾ ನನ್ನ?"

"ಮನೆಗಲ್ಲ. ಆಸ್ಪತ್ರೆಗೆ."

ಅವಳು ಬಾಯಿ ತೆರೆದಳು. ಬೆಕ್ಕು ಕೈಯೆತ್ತಿ ತಡೆದ. ಅವನ ದನಿಯಲ್ಲಿ ಇಷ್ಟು ದಿನದ ಬಿಗಿ ಇರಲಿಲ್ಲ.

"ನೀವು ಮುಟ್ಟಿದ ಜಾಗದಿಂದ ಕಣ್ಣು ತೆಗೀಬೇಡಿ. ಹಾಗೇ ನೋಡ್ತಿರಿ."

ಅವನ ಬೆರಳು ಗೆರೆಯ ಎಡತುದಿಯಿಂದ ಹೊರಟು, ಅವಳು ತೋರಿಸಿದ ಜಾಗ ಮುಟ್ಟಿ, ಬಲಕ್ಕೆ ಸರಿದು, ಬಿಳಿ ಹಾಳೆಯ ನಡುವೆ ಅವಳ ಕಣ್ಣಿಂದ ಮಾಯವಾಯಿತು.